ಹಾಲು ಬಿಡಿಸಿದ ಕರುಗಳ ದೊಡ್ಡಿ: ಗಲಾಟೆ ಯಾವುದು, ಕಾಯಿಲೆ ಯಾವುದು?

ಹಾಲು ಬಿಡಿಸಿದ ಮೊದಲ ರಾತ್ರಿ ದೊಡ್ಡಿಯ ಪಕ್ಕದಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಕರುಗಳು ಕೂಗುತ್ತವೆ, ಬೇಲಿಯಾಚೆಯಿಂದ ತಾಯಂದಿರು ಓಗೊಡುತ್ತವೆ. ಬೆಳಗಾಗುವ ಹೊತ್ತಿಗೆ ಎಲ್ಲವುಗಳ ಗಂಟಲೂ ಕಟ್ಟಿರುತ್ತದೆ. ಈ ಗದ್ದಲಕ್ಕೆ ಹೆದರಿ ಔಷಧಿ ಹುಡುಕುವವರಿದ್ದಾರೆ. ಆದರೆ ಮೂಲೆಯಲ್ಲಿ ಸದ್ದಿಲ್ಲದೆ ನಿಂತ ಒಂದು ಕರುವಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ನಿಜವಾದ ತೊಂದರೆ ಬಹಳ ಸಲ ಅಲ್ಲೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಮಾಂಸದ ತಳಿಯ ಕರುಗಳ ಬಗ್ಗೆ. ಇವು ತಾಯಿಯ ಜೊತೆಯಲ್ಲೇ ಮೇಯ್ದುಕೊಂಡು ಬೆಳೆಯುತ್ತವೆ. ಸಾಮಾನ್ಯವಾಗಿ 6ರಿಂದ 8 ತಿಂಗಳಿಗೆ ಹಾಲು ಬಿಡಿಸುತ್ತಾರೆ. ಹುಟ್ಟಿದ ಕೂಡಲೇ ತಾಯಿಯಿಂದ ಬೇರೆಯಾಗುವ ಡೈರಿ ಕರುಗಳ ಕಥೆಯೇ ಬೇರೆ.

ಮೊದಲು: ಕರು ಏನೇನು ಕಳೆದುಕೊಂಡಿತು ಎಂದು ಬರೆಯಿರಿ

ಇದಕ್ಕೆ ಒಂದು ಪೆನ್ಸಿಲ್, ಒಂದು ಚೀಟಿ ಸಾಕು. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಕರುವಿಗೆ ತಾಯಿಯೊಂದೇ ಬಳಗವಲ್ಲ. ಹುಟ್ಟಿ ಕೆಲವು ದಿನಗಳಾಗುತ್ತಿದ್ದಂತೆ ಅದು ಓರಗೆಯ ಕರುಗಳ ಜೊತೆ ಸೇರುತ್ತದೆ. ಹಸುಗಳು ದೂರ ಮೇಯಲು ಹೋದಾಗ ಕರುಗಳೆಲ್ಲ ಒಂದೆಡೆ ಮಲಗಿರುತ್ತವೆ. ಒಂದೋ ಎರಡೋ ಹಸು ಹತ್ತಿರದಲ್ಲೇ ಉಳಿದಿರುತ್ತದೆ. ಆ ಗುಂಪಿನೊಳಗೆ ಜೋಡಿಗಳು ಹುಟ್ಟುತ್ತವೆ. ಒಟ್ಟಿಗೆ ಮಲಗುತ್ತವೆ, ಒಟ್ಟಿಗೆ ನೀರಿಗೆ ಹೋಗುತ್ತವೆ, ಒಂದರ ಕುತ್ತಿಗೆಯನ್ನು ಇನ್ನೊಂದು ನೆಕ್ಕುತ್ತದೆ. ಹಾಲು ಬಿಡುವ ವಯಸ್ಸಿಗೆ ಬರುವಾಗ ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಲೆಕ್ಕವೂ ಅವುಗಳಲ್ಲಿ ಕುದುರಿರುತ್ತದೆ.

ಹಾಲು ಬಿಡಿಸುವ ದಿನ ನಾವು ಮಾಡುವುದೇನು? ತಾಯಿಯನ್ನು ದೂರ ಮಾಡುತ್ತೇವೆ. ಹೊಸ ದೊಡ್ಡಿಗೆ ತುಂಬುತ್ತೇವೆ. ಹೊಸ ಮೇವು ಹಾಕುತ್ತೇವೆ. ತೂಕ ನೋಡಿ ಗುಂಪು ಒಡೆಯುತ್ತೇವೆ. ಹೇಗೂ ಹಿಡಿದಿದ್ದೇವಲ್ಲ ಎಂದು ಬೀಜ ಒಡೆಸುವುದು, ಕೊಂಬು ತೆಗೆಸುವುದನ್ನೂ ಅದೇ ದಿನ ಮುಗಿಸುತ್ತೇವೆ. ನಮಗೆ ಅನುಕೂಲ, ಕರುವಿಗೆ ಒಂದರ ಮೇಲೊಂದು ಏಟು.

ಏಟುಗಳನ್ನು ಬಿಡಿಸಿ ಕೊಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆ ಎನ್ನುವುದಕ್ಕೆ ಒಂದು ಒಳ್ಳೆಯ ಪುರಾವೆ ಇದೆ. 2005ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಕರುಗಳ ಮೂಗಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿ, ಕೆಲವು ದಿನ ತಾಯಿಯ ಜೊತೆಯಲ್ಲೇ ಬಿಟ್ಟರು. ಪಟ್ಟಿ ಇದ್ದರೆ ಮೇಯಬಹುದು, ನೀರು ಕುಡಿಯಬಹುದು. ಮೊಲೆ ಹಿಡಿಯಲು ಮಾತ್ರ ಆಗುವುದಿಲ್ಲ. ಆಮೇಲೆ ತಾಯಿಯನ್ನು ಬೇರೆ ಮಾಡಿದರು. ಒಮ್ಮೆಲೇ ಬೇರೆ ಮಾಡಿದ ಕರುಗಳಿಗೆ ಹೋಲಿಸಿದರೆ ಇವುಗಳ ಕೂಗು 90%ಗಿಂತ ಹೆಚ್ಚು ಇಳಿದಿತ್ತು, ಓಡಾಟ ಸುಮಾರು 80% ಕಡಿಮೆ ಇತ್ತು. ಅಂದರೆ ಹಾಲು ನಿಂತರೂ ಕರು ಸಹಿಸುತ್ತದೆ. ತಾಯಿ ದೂರವಾದರೂ ಒಂದು ಮಟ್ಟಿಗೆ ಸಹಿಸುತ್ತದೆ. ಎರಡೂ ಒಂದೇ ದಿನ ಹೋದರೆ ಕಂಗಾಲಾಗುತ್ತದೆ.

ಆದ್ದರಿಂದ ಚೀಟಿಯಲ್ಲಿ ಬರೆಯಿರಿ: ತಾಯಿ, ಜಾಗ, ಮೇವು, ನೀರಿನ ತೊಟ್ಟಿ, ಜೊತೆಗಾರರು, ಕತ್ತರಿಸಿದ ಗಾಯ, ಲಾರಿ ಪ್ರಯಾಣ. ಒಂದೇ ವಾರದಲ್ಲಿ ಬದಲಾದದ್ದಕ್ಕೆ ಗುರುತು ಹಾಕಿ. ಮೂರಕ್ಕಿಂತ ಜಾಸ್ತಿ ಗುರುತು ಬಿದ್ದರೆ ಮುಂದೆ ಹೇಳುವ ಲಕ್ಷಣಗಳಲ್ಲಿ ಒಂದಾದರೂ ಕಾಣಿಸಿಕೊಳ್ಳುತ್ತದೆ ಎಂದುಕೊಳ್ಳಿ. ಇದು ನನ್ನ ಲೆಕ್ಕ, ಪುಸ್ತಕದ್ದಲ್ಲ.

ಆಮೇಲೆ: ಹತ್ತು ನಿಮಿಷ ಹೊರಗೆ ನಿಲ್ಲಿ

ದೊಡ್ಡಿಯ ಒಳಗೆ ಹೋಗಬೇಡಿ. ಮೇವು ಹಾಕುವ ಮೊದಲು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬೇಲಿಯ ಹೊರಗೆ ಅಲ್ಲಾಡದೆ ನಿಲ್ಲಿ. ದನಗಳು ಬೇಟೆಗೆ ಬಲಿಯಾಗುವ ಜಾತಿಯವು. ಮನುಷ್ಯ ಹತ್ತಿರ ಬಂದರೆ ಕಾಯಿಲೆ ಕರುವೂ ತಲೆ ಎತ್ತಿ, ಕಿವಿ ನಿಮಿರಿಸಿ, ಏನೂ ಆಗಿಲ್ಲ ಎಂಬಂತೆ ನಿಲ್ಲುತ್ತದೆ. ನೀವು ಇರುವುದನ್ನು ಅದು ಮರೆಯಬೇಕು. ಆಗ ಮಾತ್ರ ನಿಜ ಕಾಣುತ್ತದೆ.

ಎಷ್ಟು ಕರು ಮಲಗಿವೆ, ಎಷ್ಟು ಮೆಲುಕು ಹಾಕುತ್ತಿವೆ ಎಂದು ಎಣಿಸಿ. ಯಾವುದು ಯಾವುದರ ಪಕ್ಕ ಮಲಗಿದೆ ಎಂದು ನೋಡಿ. ಎಡ ಪಕ್ಕೆಲುಬಿನ ಹಿಂದೆ, ಸೊಂಟದ ಮುಂದೆ ಒಂದು ಗುಳಿ ಇರುತ್ತದೆ. ಅದು ಆಳವಾಗಿ ಬಿದ್ದಿದ್ದರೆ ಕರು ಮೇವು ತಿಂದಿಲ್ಲ. ಉಬ್ಬಿ ಬಿಗಿದಿದ್ದರೆ ಹೊಟ್ಟೆ ಉಬ್ಬರ. ಉಬ್ಬಿದ್ದು ಕಂಡರೆ ಇಲ್ಲಿ ಓದುವುದು ನಿಲ್ಲಿಸಿ, ತಕ್ಷಣ ಪಶುವೈದ್ಯರನ್ನು ಕರೆಯಿರಿ.

ಲಕ್ಷಣ: ಕೂಗು ನಿಲ್ಲುತ್ತಿಲ್ಲ, ಬೇಲಿಯುದ್ದಕ್ಕೂ ಓಡಾಟ

ಮೊದಲ ಎರಡು ದಿನ ಇದು ಸಹಜ. ಮೂರನೇ, ನಾಲ್ಕನೇ ದಿನಕ್ಕೆ ಕೂಗು ಕಡಿಮೆಯಾಗಬೇಕು. ಗಂಟಲು ಕಟ್ಟಿದೆ ಎಂದು ಗಾಬರಿ ಬೇಡ. ಕೂಗಿ ಕೂಗಿ ಕಟ್ಟಿದ ಗಂಟಲು ತಾನಾಗಿ ಸರಿಹೋಗುತ್ತದೆ.

ನಿಲ್ಲದಿದ್ದರೆ ಮೊದಲು ನೀರು ನೋಡಿ. ಕೆರೆ, ಹಳ್ಳದಲ್ಲಿ ಕುಡಿದು ಬೆಳೆದ ಕರುವಿಗೆ ತೊಟ್ಟಿ ಅಂದರೆ ಏನೆಂದೇ ಗೊತ್ತಿರುವುದಿಲ್ಲ. ನಲ್ಲಿಯನ್ನು ಸ್ವಲ್ಪ ಬಿಟ್ಟು, ತೊಟ್ಟಿ ತುಂಬಿ ಚೆಲ್ಲುವಂತೆ ಮಾಡಿ. ನೀರು ಬೀಳುವ ಸದ್ದಿಗೆ ಒಂದು ಕರು ಬಂದರೆ ಉಳಿದವೂ ಬರುತ್ತವೆ. ತೊಟ್ಟಿ, ಗೋದಲಿ ಎರಡೂ ಬೇಲಿಗೆ ತಾಗಿದಂತಿದ್ದರೆ ಒಳ್ಳೆಯದು. ಓಡಾಡುವ ಕರುವಿಗೆ ಅವು ದಾರಿಯಲ್ಲೇ ಎದುರಾಗಬೇಕು. ದೊಡ್ಡಿಯ ನಟ್ಟನಡುವೆ ಇಟ್ಟ ಮೇವು ಅದರ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದು, ತಾಯಿ ಎಲ್ಲಿದೆ? ಇದರಲ್ಲಿ ನಡುದಾರಿ ಕೆಲಸಕ್ಕೆ ಬಾರದು. ಒಂದೋ ಗಟ್ಟಿ ಬೇಲಿಯಾಚೆ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಇರಲಿ, ಇಲ್ಲವೇ ಕೂಗು ಕೇಳದಷ್ಟು ದೂರ ಹೋಗಲಿ. ದನಿ ಕೇಳುತ್ತದೆ ಆದರೆ ಕಾಣುವುದಿಲ್ಲ ಎಂಬ ಸ್ಥಿತಿಯಲ್ಲಿ ಕರು ಹುಡುಕುತ್ತಲೇ ಇರುತ್ತದೆ. ನನಗೆ ಹತ್ತಿರದ ವಿಧಾನವೇ ಇಷ್ಟ. ಕ್ಯಾಲಿಫೋರ್ನಿಯಾದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೂ ಅದನ್ನೇ ಹೇಳುತ್ತದೆ. ಒಂದು ವಾರ ಬೇಲಿಯಾಚೆ ತಾಯಿ ಇದ್ದ ಕರುಗಳು ಕಡಿಮೆ ಕೂಗಿದವು, ಕಡಿಮೆ ಓಡಾಡಿದವು. ಹತ್ತು ವಾರಗಳ ನಂತರವೂ ಅವುಗಳ ತೂಕ ಮುಂದೆಯೇ ಇತ್ತು.

ಆದರೆ ಬೇಲಿ ನಿಜವಾಗಿಯೂ ಗಟ್ಟಿ ಇರಬೇಕು. ಐದಾರು ದಿನ ಕಳೆದರೂ ಕೆಲವೇ ಕರುಗಳು ಬೇಲಿಯ ಒಂದೇ ಜಾಗಕ್ಕೆ ಅಂಟಿಕೊಂಡಿದ್ದರೆ ತಾಯಂದಿರ ಕೆಚ್ಚಲು ನೋಡಿ. ಎಲ್ಲವುಗಳದ್ದೂ ಬಿಗಿದು ತುಂಬಿರುತ್ತದೆ. ಒಂದರದ್ದು ಮಾತ್ರ ಸಡಿಲವಾಗಿದ್ದರೆ ಅದರ ಕರು ತಂತಿಯ ಸಂದಿಯಲ್ಲಿ ತಲೆ ತೂರಿಸಿ ಹಾಲು ಕುಡಿಯುತ್ತಿದೆ ಎಂದೇ ಅರ್ಥ! ಆ ಕಳ್ಳನ ಜಾಗ ಹುಡುಕಿ ತಂತಿ ಸೇರಿಸಿ. ಹೊಸ ಕಾಯಿಲೆ ಹುಡುಕುವ ಶ್ರಮ ತಪ್ಪುತ್ತದೆ.

ಮೂರನೆಯದು ಧೂಳು. ಒಣ ನೆಲದಲ್ಲಿ ಹಗಲಿಡೀ ಓಡಾಡಿದರೆ ಮೂಗಿನ ಮಟ್ಟದಲ್ಲಿ ಧೂಳು ನಿಂತಿರುತ್ತದೆ. ಸೋತ ಮೈಗೆ ಆ ಧೂಳೂ ಸೇರಿದರೆ ಶ್ವಾಸಕೋಶದ ಸೋಂಕಿಗೆ ದಾರಿ ಸುಲಭ. ಬೇಲಿಯ ಪಕ್ಕದ ದಾರಿಗೆ ನೀರು ಚಿಮುಕಿಸಿ. ಸಾಧ್ಯವಾದರೆ ಹುಲ್ಲು ಇರುವ ಜಾಗದಲ್ಲೇ ಹಾಲು ಬಿಡಿಸಿ. ಕರುಗಳನ್ನು ಗೊತ್ತಿರುವ ಜಾಗದಲ್ಲೇ ಉಳಿಸಿ ತಾಯಂದಿರನ್ನು ಹೊರಗೆ ಕರೆದೊಯ್ಯುವುದು ಇನ್ನೂ ಉತ್ತಮ.

ತಪ್ಪಿಯೂ ಮಾಡಬಾರದ ಕೆಲಸ ಒಂದಿದೆ. ಎರಡನೇ ದಿನ ಕನಿಕರ ಬಂದು ತಾಯಿಯನ್ನು ಮತ್ತೆ ಒಳಗೆ ಬಿಡಬೇಡಿ. ಮತ್ತೆ ಬೇರೆ ಮಾಡಿದಾಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಎಚ್ಚರಿಕೆ: ಈ ದಿನಗಳಲ್ಲಿ ಹಸುವಿಗೂ ಕರುವಿಗೂ ನಡುವೆ ನಿಲ್ಲಬೇಡಿ. ವರ್ಷಗಟ್ಟಲೆ ಸಾಧುವಾಗಿದ್ದ ಹಸುವೂ ಆ ಹೊತ್ತಿನಲ್ಲಿ ಹಾಯಬಹುದು. ಒಳಗೆ ಹೋಗುವ ಮುಂಚೆ ಎಲ್ಲಿಂದ ಹೊರಗೆ ಬರುತ್ತೀರಿ ಎಂದು ನೋಡಿಕೊಳ್ಳಿ. ನಾಯಿಯನ್ನು ಮನೆಯಲ್ಲೇ ಬಿಡಿ. ಮಕ್ಕಳನ್ನೂ.

ಲಕ್ಷಣ: ಒಂದು ಕರು ಒಂಟಿಯಾಗಿ ನಿಂತಿದೆ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ. ಕೂಗುವ ಕರುವಿಗೆ ಕೂಗುವಷ್ಟು ಶಕ್ತಿಯಾದರೂ ಇದೆ. ಗುಂಪು ಬಿಟ್ಟ ಕರುವಿನ ಬಗ್ಗೆ ಚಿಂತೆ ಮಾಡಿ. ಹಿಂಡಿನ ಪ್ರಾಣಿ ಹಿಂಡಿನಿಂದ ದೂರ ನಿಂತಿದೆ ಎಂದರೆ ಸುಮ್ಮನೆ ಅಲ್ಲ. ಅದಕ್ಕೆ ಮೈ ಸರಿಯಿಲ್ಲ, ಅಥವಾ ಗುಂಪಿನಲ್ಲಿ ಅದಕ್ಕೆ ತನ್ನವರು ಯಾರೂ ಇಲ್ಲ. ಯಾವುದು ಎಂದು ಬೇರ್ಪಡಿಸುವುದೇ ಕೆಲಸ.

ಮೊದಲ ಪರೀಕ್ಷೆ: ನಿಧಾನವಾಗಿ, ಸ್ವಲ್ಪ ಓರೆಯಾಗಿ ಅದರ ಕಡೆ ನಡೆಯಿರಿ. ಆರೋಗ್ಯವಾಗಿರುವ ಕರು ನಿಮ್ಮಿಂದ ತಪ್ಪಿಸಿಕೊಂಡು ನೇರವಾಗಿ ಗುಂಪಿನ ಕಡೆ ಹೋಗುತ್ತದೆ. ಕಾಯಿಲೆ ಕರು ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತದೆ, ಅಥವಾ ಅಲ್ಲಾಡುವುದೇ ಇಲ್ಲ.

ಎರಡನೆಯದು ಮುಖ. ಕಿವಿ ಜೋತಿದೆಯೇ? ಕಣ್ಣು ಗುಳಿ ಬಿದ್ದಿದೆಯೇ? ಮೂಗಿನಲ್ಲಿ ಗಟ್ಟಿ ಸಿಂಬಳ ಇದೆಯೇ? ಆರೋಗ್ಯವಾಗಿರುವ ಕರು ಮೂಗನ್ನು ನಾಲಿಗೆಯಿಂದ ನೆಕ್ಕಿ ಶುಚಿ ಮಾಡಿಕೊಳ್ಳುತ್ತಲೇ ಇರುತ್ತದೆ. ಮೈ ಸೋತ ಕರು ಆ ಗೋಜಿಗೆ ಹೋಗುವುದಿಲ್ಲ. ಮೂಗಿನ ಮೇಲೆ ಒಣಗಿದ ಸಿಂಬಳ, ಹುಲ್ಲಿನ ಚೂರು ಅಂಟಿಕೊಂಡೇ ಇದ್ದರೆ ಅದೂ ಒಂದು ಸುಳಿವು. ಕೆಮ್ಮು, ಬೇಗ ಬೇಗ ಉಸಿರು, ಕುತ್ತಿಗೆ ಮುಂದೆ ಚಾಚಿ ಉಸಿರೆಳೆಯುವುದು ಇದ್ದರೆ ಶ್ವಾಸಕೋಶದ ಸೋಂಕು ಎಂದೇ ಮೊದಲು ಅನುಮಾನಿಸಬೇಕು. ಹಾಲು ಬಿಡಿಸಿದ ನಂತರದ ಎರಡು ಮೂರು ವಾರ ಅದರ ಕಾಲ.

ಮೂರನೆಯದು ಥರ್ಮಾಮೀಟರ್. ಗುದದ್ವಾರದಲ್ಲಿ ಇಟ್ಟು ನೋಡಬೇಕು. 38ರಿಂದ 39.3 ಡಿಗ್ರಿ ಸೆಲ್ಸಿಯಸ್‌ವರೆಗೆ ಸರಿ. 40 ದಾಟಿದರೆ ಜ್ವರ. ಬೆಳಗಿನ ತಂಪಿನಲ್ಲೇ ನೋಡಿ. ಮಧ್ಯಾಹ್ನದ ಬಿಸಿಲು, ಅಟ್ಟಿಸಿಕೊಂಡು ಹೋಗಿ ಹಿಡಿದ ಗಾಬರಿ ಎರಡೂ ಮೈಬಿಸಿ ಏರಿಸುತ್ತವೆ. ಹಿಡಿಯುವಾಗ ಅದೊಂದನ್ನೇ ಓಡಿಸಬೇಡಿ. ಜೊತೆಗೆ ಎರಡು ಮೂರು ಕರುಗಳನ್ನೂ ಸೇರಿಸಿ ನಡೆಸಿ. ಒಂಟಿಯಾದ ದನ ಬೇಲಿ ಹಾರಲೂಬಹುದು, ನಿಮ್ಮ ಮೇಲೆ ನುಗ್ಗಲೂಬಹುದು.

ಜ್ವರ ಇದ್ದರೆ ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಪಶುವೈದ್ಯರಿಗೆ ಬಿಡಿ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಚುಚ್ಚುವುದು ಬೇಡ. ಯಾವ ಔಷಧಿ, ಎಷ್ಟು ದಿನ, ಮಾಂಸಕ್ಕೆ ಕಳಿಸುವ ಮೊದಲು ಎಷ್ಟು ದಿನ ಬಿಡಬೇಕು ಎಂಬುದನ್ನು ಅವರೇ ಹೇಳಬೇಕು. ಈ ಸೋಂಕಿನಲ್ಲಿ ಒಂದು ದಿನ ತಡವಾದರೂ ಫಲ ಬೇರೆ. ಕಾಯಿಲೆ ಕರುವನ್ನು ಬೇರೆ ಇಡುವಾಗ ಕತ್ತಲೆ ಕೋಣೆಗೆ ತಳ್ಳಬೇಡಿ. ಮೂತಿ ತಾಗದಷ್ಟು ದೂರವಿರಲಿ, ಆದರೆ ಉಳಿದ ಕರುಗಳು ಕಣ್ಣಿಗೆ ಕಾಣುತ್ತಿರಲಿ.

ಜ್ವರ ಇಲ್ಲ, ಮೂಗು ಶುಚಿ, ಉಸಿರು ಸರಿ. ಆದರೂ ಒಂಟಿ. ಆಗ ಚೀಟಿಗೆ ವಾಪಸ್ ಬನ್ನಿ: ಜೊತೆಗಾರ ಎಲ್ಲಿ?

ಒಮ್ಮೆ ನನಗೇ ಹೀಗಾಗಿತ್ತು. ಒಂದು ಕಡಸು ಎರಡು ದಿನ ಪಕ್ಕದ ದೊಡ್ಡಿಯ ಬೇಲಿಗೆ ಮೈ ಒತ್ತಿ ನಿಂತೇ ಇತ್ತು. ಥರ್ಮಾಮೀಟರ್ ಮೂರು ಸಲ ಇಟ್ಟೆ, ಮೂರು ಸಲವೂ ಸರಿಯಾಗಿಯೇ ಇತ್ತು. ಅದು ನಿಂತ ಜಾಗದ ಆಚೆ ಬದಿಯಲ್ಲಿ ಇನ್ನೊಂದು ಕರು ಮಲಗಿರುತ್ತಿದ್ದುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತೂಕ ನೋಡಿ ಗುಂಪು ಮಾಡುವಾಗ ಎರಡನ್ನೂ ಬೇರೆ ಮಾಡಿದ್ದು ನಾನೇ. 20 ಕಿಲೋ ವ್ಯತ್ಯಾಸಕ್ಕೆ! ತಂದು ಸೇರಿಸಿದ ಮೇಲೆ ಸಂಜೆ ನೋಡಿದರೆ ಎರಡೂ ಒಟ್ಟಿಗೆ ಮಲಗಿ ಮೆಲುಕು ಹಾಕುತ್ತಿದ್ದವು. ಅಂದಿನಿಂದ ಹಾಲು ಬಿಡಿಸುವ ವಾರದಲ್ಲಿ ತಕ್ಕಡಿ ಮುಟ್ಟಿದರೂ ಗುಂಪು ಒಡೆಯುವುದಿಲ್ಲ.

ಹೊರಗಿನಿಂದ ಒಂದೇ ಒಂದು ಕರು ತಂದು ಸೇರಿಸಿದ್ದರೂ ಇದೇ ಆಗುತ್ತದೆ. ಹಳೆಯ ಗುಂಪು ಅದನ್ನು ಗುಮ್ಮದಿದ್ದರೂ ಸೇರಿಸಿಕೊಳ್ಳುವುದಿಲ್ಲ. ತರುವುದಾದರೆ ಒಂದೇ ಕಡೆ ಬೆಳೆದ ಎರಡು ಮೂರು ಕರು ತನ್ನಿ.

ಲಕ್ಷಣ: ಮೇವಿನ ಹತ್ತಿರ ಬರುತ್ತಿಲ್ಲ, ಬಂದರೂ ಉಳಿಯುತ್ತಿಲ್ಲ

ಇವೆರಡೂ ನೋಡಲು ಒಂದೇ, ಕಾರಣ ಬೇರೆ. ಹೊಸ ಮೇವು ಹಾಕಿದ ತಕ್ಷಣ ಗೋದಲಿಯ ಮುಂದೆ ಎಷ್ಟು ಮೂತಿ ಇವೆ ಎಂದು ಎಣಿಸಿ. ಬಾರದೇ ಇರುವವು ಯಾವುವು, ಬಂದು ಓಡಿಸಿಕೊಂಡವು ಯಾವುವು ಎಂದು ಗುರುತಿಸಿ.

ಬಾರದೇ ಇದ್ದರೆ ಸಾಮಾನ್ಯವಾಗಿ ಮೇವು ಹೊಸದು ಎಂಬುದೇ ಕಾರಣ. ಹುಲ್ಲುಗಾವಲಿನ ಕರುವಿಗೆ ಹಿಂಡಿ, ಕತ್ತರಿಸಿದ ಮೇವು ತಿನ್ನುವ ವಸ್ತು ಎಂದೇ ಅನಿಸುವುದಿಲ್ಲ. ಅದಕ್ಕೆ ಗೊತ್ತಿರುವ ಉದ್ದನೆಯ ಒಣಹುಲ್ಲನ್ನು ಮೇಲೆ ಹರಡಿ, ಹೊಸದನ್ನು ಕೆಳಗೆ ಹಾಕಿ. ಮೊದಲ ವಾರ ತೂಕದ 1ರಿಂದ 1.5%ನಷ್ಟು ತಿಂದರೂ ಸಾಕು. 200 ಕಿಲೋ ಕರುವಿಗೆ 2-3 ಕಿಲೋ ಒಣ ಮೇವು ಆಯಿತು. ಆಮೇಲೆ ತಾನಾಗಿ ಏರುತ್ತದೆ. ಮೂರನೇ ದಿನಕ್ಕೂ ಒಂದು ಕರು ಗೋದಲಿ ಮುಟ್ಟದಿದ್ದರೆ ಹಿಂದಿನ ವಿಭಾಗಕ್ಕೆ ಹೋಗಿ, ಥರ್ಮಾಮೀಟರ್ ತೆಗೆಯಿರಿ. ದಾರಿ ತೋರಿಸಲಿ ಎಂದು ಸಾಧುವಾದ ದೊಡ್ಡ ಹಸುವೊಂದನ್ನು ಜೊತೆಗೆ ಬಿಡುವವರಿದ್ದಾರೆ. ಕೆಲವು ಸಲ ಉಪಯೋಗವಾಗುತ್ತದೆ, ಕೆಲವು ಸಲ ಆ ಹಸುವೇ ಎಲ್ಲರ ಪಾಲು ತಿಂದು ಕೊಬ್ಬುತ್ತದೆ.

ಬಂದು ಓಡಿಸಿಕೊಳ್ಳುತ್ತಿದ್ದರೆ ಜಾಗ ಸಾಲದು. ಎಲ್ಲ ಕರುಗಳೂ ಒಂದೇ ಹೊತ್ತಿಗೆ ತಿನ್ನಬೇಕಾದರೆ ತಲೆಗೆ 45ರಿಂದ 60 ಸೆಂಟಿಮೀಟರ್ ಗೋದಲಿ ಬೇಕು. ಅಷ್ಟಿಲ್ಲದಿದ್ದರೆ ದೂರದಲ್ಲಿ ಇನ್ನೊಂದು ಕಡೆ ಮೇವು ಹಾಕಿ. ಪಕ್ಕದಲ್ಲೇ ಹಾಕಿದರೆ ಅದೇ ದಾದಾ ಎರಡೂ ಕಡೆ ಕಾವಲು ನಿಲ್ಲುತ್ತಾನೆ. ನೀರಿನ ತೊಟ್ಟಿಗೂ ಇದೇ ಮಾತು.

ಇನ್ನೊಂದು ವಿಷಯ. ಗೋದಲಿಯ ರಾಜನಿಗೂ ಅಪಾಯವಿದೆ. ಕಾಳಿನ ಮೇವು ಹಾಕಿದಾಗ ಕೆಳಗಿನ ಕರು ಹಸಿದು ಸೊರಗುತ್ತದೆ, ಮೇಲಿನ ಕರು ಅತಿಯಾಗಿ ತಿಂದು ಹೊಟ್ಟೆ ಹುಳಿ ಮಾಡಿಕೊಳ್ಳುತ್ತದೆ. ಹೊಟ್ಟೆಗೆ ಒದ್ದುಕೊಳ್ಳುವುದು, ಎದ್ದು ಮಲಗಿ ಎದ್ದು ಮಲಗಿ ಮಾಡುವುದು, ನೀರಾದ ಹುಳಿ ವಾಸನೆಯ ಸಗಣಿ ಕಂಡರೆ ಕಾಳು ನಿಲ್ಲಿಸಿ ವೈದ್ಯರಿಗೆ ಹೇಳಿ.

ಲಕ್ಷಣ: ಗುದ್ದಾಟ

ಬೇರೆ ಬೇರೆ ಗುಂಪು ಸೇರಿಸಿದ ಮೊದಲ ಒಂದೆರಡು ದಿನ ಗುದ್ದಾಟ ಇದ್ದೇ ಇರುತ್ತದೆ. ಹಣೆಗೆ ಹಣೆ ಕೊಟ್ಟು ತಳ್ಳುತ್ತವೆ, ಒಂದು ಮುಖ ತಿರುಗಿಸಿದರೆ ಮುಗಿಯಿತು. ಮುಂದೆ ಆ ಜೋಡಿ ಮತ್ತೆ ಗುದ್ದಾಡುವುದಿಲ್ಲ. ದೊಡ್ಡದು ತಲೆ ಸ್ವಲ್ಪ ತಗ್ಗಿಸಿದರೆ ಸಾಕು, ಚಿಕ್ಕದು ಜಾಗ ಬಿಡುತ್ತದೆ. ಸುಮಾರು ಒಂದು ವಾರದಲ್ಲಿ ದೊಡ್ಡಿ ತಣ್ಣಗಾಗಬೇಕು.

ಆಟವನ್ನು ಜಗಳ ಎಂದುಕೊಳ್ಳಬೇಡಿ. ಬಾಲ ಎತ್ತಿ ಓಡಿ, ಗುದ್ದಿ, ಬಿಟ್ಟು, ಮತ್ತೆ ತಾವಾಗಿ ಬಂದು ಗುದ್ದುವುದು ಆಟ. ಈ ಸಲ ಇದು ಗೆದ್ದರೆ ಮುಂದಿನ ಸಲ ಅದು. ದಿನವಿಡೀ ಓಡಾಡಿ ಬೇಸತ್ತ ಕರುಗಳು ಮತ್ತೆ ಆಡಲು ಶುರು ಮಾಡಿದರೆ ಒಳ್ಳೆಯ ಸುದ್ದಿ ಅಲ್ವಾ?

ವಾರ ಕಳೆದರೂ ನಿಲ್ಲದಿದ್ದರೆ ಮೂರು ನೋಡಿ. ದೊಡ್ಡಿಯಲ್ಲಿ ಸೋತ ಕರು ಸಿಕ್ಕಿಬೀಳುವ ಚೂಪು ಮೂಲೆ ಇದೆಯೇ? ನೆಲ ಜಾರುತ್ತದೆಯೇ? ನೀವು ಎರಡು ದಿನಕ್ಕೊಮ್ಮೆ ಹೊಸ ಕರು ತಂದು ಸೇರಿಸುತ್ತಿದ್ದೀರಾ? ಮೂರನೆಯದೇ ಹೆಚ್ಚಾಗಿ ಉತ್ತರ. ಪ್ರತಿ ಹೊಸ ಮುಖ ಬಂದಾಗಲೂ ಲೆಕ್ಕ ಮತ್ತೆ ಶುರು. ಮೂಲೆಗೆ ಒಂದು ಅಡ್ಡ ಗಳ ಕಟ್ಟಿ ದುಂಡು ಮಾಡಿ, ಸೇರಿಸುವುದನ್ನು ನಿಲ್ಲಿಸಿ. ಕೊಂಬಿನ ಕರು ರಕ್ತ ಬರಿಸುತ್ತಿದ್ದರೆ ಅದನ್ನು ಹೊರಗೆ ತೆಗೆಯಿರಿ. ಕೊಂಬನ್ನು ಮಾತ್ರ ಈ ವಾರ ಮುಟ್ಟಬೇಡಿ. ಆ ಕೆಲಸ ಎಳೆಯ ವಯಸ್ಸಿನಲ್ಲಿ ಆಗಬೇಕಿತ್ತು. ಈಗ ಮಾಡುವುದಾದರೆ ನೋವು ನಿವಾರಕ ಕೊಟ್ಟು, ವೈದ್ಯರ ಕೈಯಲ್ಲಿ, ಗುಂಪು ತಣ್ಣಗಾದ ಮೇಲೆ.

ಲಕ್ಷಣ: ಒಂದೇ ಕರುವಿನ ಮೇಲೆ ಎಲ್ಲವೂ ಹತ್ತುತ್ತಿವೆ

ಅದು ಕಡಸಾದರೆ ಬೆದೆಗೆ ಬಂದಿರಬಹುದು. ಒಂದು ದಿನದೊಳಗೆ ನಿಲ್ಲುತ್ತದೆ, ಸುಮಾರು 21 ದಿನಕ್ಕೆ ಮತ್ತೆ ಬರುತ್ತದೆ. ಬೀಜ ಒಡೆಯದ ಹೋರಿಗರುಗಳು ಅದೇ ದೊಡ್ಡಿಯಲ್ಲಿದ್ದರೆ ಇವತ್ತೇ ಬೇರೆ ಮಾಡಿ. ಈ ವಯಸ್ಸಿನಲ್ಲೂ ಕೆಲವು ಕಡಸುಗಳು ಗಬ್ಬ ಧರಿಸುತ್ತವೆ. ಪುಟ್ಟ ಸೊಂಟದ ಕಡಸಿಗೆ ಹೆರಿಗೆ ಜೀವದ ಮೇಲೆ ಬರುತ್ತದೆ.

ಅದು ಬೀಜ ಒಡೆದ ಗಂಡುಕರುವಾದರೆ ನಿರ್ಲಕ್ಷ್ಯ ಬೇಡ. ಗುಂಪು ಸೇರಿಸಿದ ಮೇಲೆ, ಬೇಗ ಬೆಳೆಯಲೆಂದು ಹಾರ್ಮೋನ್ ಗುಳಿಗೆ ಹಾಕುವ ಕಡೆಗಳಲ್ಲಿ, ಅಥವಾ ಒಂದು ಕರು ಕಾಯಿಲೆಯಿಂದ ಬಡವಾದಾಗ ಹೀಗಾಗುತ್ತದೆ. ಬಾಲದ ಬುಡದ ಕೂದಲು ಉದುರಿದೆಯೇ, ಬೆನ್ನು ಊದಿದೆಯೇ, ಕುಂಟುತ್ತಿದೆಯೇ ನೋಡಿ. ಮೂಳೆ ಮುರಿದು ಸತ್ತ ಉದಾಹರಣೆಗಳಿವೆ. ಅದೇ ದಿನ ಹೊರಗೆ ತೆಗೆಯಿರಿ, ಜೊತೆಗೆ ಒಂದು ಸಾಧು ಕರುವನ್ನೂ ಕಳಿಸಿ. ಕಾಯಿಲೆ ಇದೆಯೇ ಎಂದು ತೋರಿಸಿ. ಗಾಯ ಮಾಗಿದ ಮೇಲೆ ಹಳೆಯ ಗುಂಪಿಗೇ ಬಿಟ್ಟರೆ ಮತ್ತೆ ಶುರುವಾಗುವುದೇ ಜಾಸ್ತಿ. ಬೇರೆ ಗುಂಪು ನೋಡಿ. ಹತ್ತುತ್ತಿದ್ದ ಮುಖ್ಯ ಕರುವಿನ ಬೀಜ ಪೂರ್ತಿ ಹೋಗಿದೆಯೇ ಎಂದೂ ಒಮ್ಮೆ ಪರೀಕ್ಷಿಸಿ.

ಲಕ್ಷಣ: ಒಂದರ ಕಿವಿ, ಹೊಕ್ಕುಳನ್ನು ಇನ್ನೊಂದು ಚೀಪುತ್ತಿದೆ

ತಾಯಿಯ ಹಾಲಿನಲ್ಲಿ ಬೆಳೆದ ಕರುಗಳಲ್ಲಿ ಇದು ಅಪರೂಪ. ನಾಲ್ಕೈದು ದಿನಕ್ಕೆ ಮರೆಯುತ್ತದೆ. ಹೊಟ್ಟೆ ತುಂಬ ಒರಟು ಮೇವು ಸಿಗುತ್ತಿದೆಯೇ ನೋಡಿ. ಮುಂದುವರಿದರೆ ಚೀಪುವ ಕರುವಿಗೆ ಮೂಗಿನ ಪಟ್ಟಿ ಹಾಕಬಹುದು. ಪಟ್ಟಿ ಒಂದು ವಾರಕ್ಕಿಂತ ಹೆಚ್ಚು ಬೇಡ, ಮೂಗಿನೊಳಗೆ ಹುಣ್ಣಾಗುತ್ತದೆ. ಚೀಪಿಸಿಕೊಳ್ಳುವುದು ಕಡಸಿನ ಎಳೆಯ ಕೆಚ್ಚಲಾದರೆ ಕಾಯಬೇಡಿ, ಎರಡನ್ನೂ ಬೇರೆ ಮಾಡಿ. ಮುಂದೆ ಕೆಚ್ಚಲು ಬಾವಿಗೆ ಅದೇ ಮೂಲವಾಗುತ್ತದೆ. ಇಷ್ಟು ಹೊತ್ತು ಜೋಡಿ ಒಡೆಯಬೇಡಿ ಎಂದವನೇ ಈಗ ಒಡೆಯಿರಿ ಎನ್ನುತ್ತಿದ್ದೇನೆ, ಬೇರೆ ದಾರಿಯಿಲ್ಲ.

ಲಕ್ಷಣ: ಕರು ಮನುಷ್ಯರನ್ನೇ ಗುಮ್ಮುತ್ತದೆ

ಇದು ಬಹಳ ಸಲ ಬಾಟಲಿ ಹಾಲಿನಲ್ಲಿ ಒಂಟಿಯಾಗಿ ಬೆಳೆದ ತಬ್ಬಲಿ ಕರು. ಅದಕ್ಕೆ ಓರಗೆಯವರ ಪಾಠ ಸಿಕ್ಕಿಲ್ಲ. ನಿಮ್ಮನ್ನೇ ಓರಗೆಯವರು ಎಂದುಕೊಂಡಿದೆ. ಗುಮ್ಮಿದಾಗ ನಗು ಬರುತ್ತದೆ, 80 ಕಿಲೋ ಇರುವಾಗ ಮಾತ್ರ. ಒಂಟಿಯಾಗಿ ಕೈಯಲ್ಲಿ ಸಾಕಿದ ಹೋರಿಗಳು ಗುಂಪಿನಲ್ಲಿ ಬೆಳೆದವುಗಳಿಗಿಂತ ಮನುಷ್ಯರ ಮೇಲೆ ಹೆಚ್ಚು ಎರಗುತ್ತವೆ ಎಂದು 1990ರಷ್ಟು ಹಿಂದೆಯೇ ಪ್ರಕಟವಾಗಿದೆ. ಹಣೆ ಉಜ್ಜಿ ಆಟವಾಡಿಸುವುದನ್ನು ಇವತ್ತೇ ಬಿಡಿ. ಬೇರೆ ಕರುಗಳ ಜೊತೆ ಬಿಡಿ. ಗಂಡಾದರೆ ಬೀಜ ಉಳಿಸಬೇಡಿ. ದೊಡ್ಡದಾದ ಮೇಲೆ ಅದು ಅಡ್ಡ ನಿಂತು, ಬೆನ್ನು ಕಮಾನು ಮಾಡಿ, ತಲೆ ತಗ್ಗಿಸಿ ಮೈ ತೋರಿಸಿದರೆ ಅದು ಎಚ್ಚರಿಕೆ. ಬೆನ್ನು ತಿರುಗಿಸದೆ, ಓಡದೆ, ನಿಧಾನವಾಗಿ ಹಿಂದಕ್ಕೆ ಬೇಲಿಯ ಕಡೆ ಸರಿಯಿರಿ.

ಎರಡು ಮೂರು ವಾರದ ನಂತರ

ಎಲ್ಲ ತಣ್ಣಗಾಯಿತು ಎಂದುಕೊಂಡು ಕರುಗಳನ್ನು ಎಣಿಸಿ ನೋಡುವುದನ್ನು ನಿಲ್ಲಿಸಬೇಡಿ. ಈ ಹೊತ್ತಿಗೇ ರಕ್ತ ಬೆರೆತ ಭೇದಿ ಕಾಣಿಸಿಕೊಳ್ಳಬಹುದು. ಅದು ಕಾಕ್ಸಿಡಿಯಾ ಎಂಬ ಪರೋಪಜೀವಿಯ ಕೆಲಸ. ಸೋತ ಮೈ, ಕೊಳಕು ನೆಲ ಎರಡೂ ಅದಕ್ಕೆ ಬೇಕು. ಬಾಲಕ್ಕೆ ಕಪ್ಪು ಕೆಂಪು ಸಗಣಿ ಅಂಟಿದ್ದರೆ, ತಿಣುಕುತ್ತಿದ್ದರೆ ಸಗಣಿಯ ಮಾದರಿ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ. ಒಂದೇ ದಿನ ಎರಡು ಮೂರು ಕರು ಮಲಗಿದರೆ, ಅಥವಾ ಒಂದು ಸತ್ತರೆ, ಕಾರಣವನ್ನು ನೀವೇ ಊಹಿಸಬೇಡಿ. ಹೂಳುವ ಮೊದಲು ಶವಪರೀಕ್ಷೆ ಮಾಡಿಸಿ.

ಇನ್ನು ತಾಯಿಯ ಹಿಂಡಿಗೆ ಮತ್ತೆ ಸೇರಿಸುವ ಯೋಚನೆ ಇದ್ದರೆ, ಎರಡು ಮೂರು ವಾರಕ್ಕೇ ಸೇರಿಸಿದರೆ ಕೆಲವು ಕರು ಮೊಲೆಗೆ ಬಾಯಿ ಹಾಕುತ್ತವೆ, ಕೆಲವು ತಾಯಂದಿರು ಕೊಡುತ್ತವೆ. ಕೆಚ್ಚಲು ಪೂರ್ತಿ ಬತ್ತುವವರೆಗೆ ಕಾಯಿರಿ.

ತೂಕ ನೋಡಿ ಗುಂಪು ಮಾಡಲೇಬೇಕು, ಅಥವಾ ಬೇರೆ ಕಡೆ ಸಾಗಿಸಲೇಬೇಕು ಎಂದಾದರೆ ಅದಕ್ಕೆ ಹಿಂದಿನ ಮಧ್ಯಾಹ್ನ, ಎಲ್ಲವೂ ಮಲಗಿರುವ ಹೊತ್ತಿಗೆ ಹೋಗಿ ನೋಡಿ. ಮೈಗೆ ಮೈ ತಾಗಿಸಿ ಮಲಗಿದ ಜೋಡಿಗಳ ಕಿವಿಯೋಲೆ ಸಂಖ್ಯೆಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಮರುದಿನ ಮತ್ತೆ ನೋಡಿದಾಗಲೂ ಅವೇ ಜೋಡಿ ಕಂಡರೆ ಎರಡಕ್ಕೂ ಒಂದೇ ಬಣ್ಣದ ಸೀಮೆಸುಣ್ಣ ಬಳಿಯಿರಿ. ಗೇಟು ತೆಗೆದಾಗ ಒಂದು ಬಣ್ಣ ಒಂದೇ ಕಡೆ ಹೋಗಲಿ, ತಕ್ಕಡಿ ಏನೇ ಹೇಳಲಿ.